ಏಜೆಂಟ್ ಓದುವ ಕೈಪಿಡಿ

ಕೈಪಿಡಿಯನ್ನು ಯಾರೂ ಓದುವುದಿಲ್ಲ ಎಂಬುದು ಸಾಫ್ಟ್‌ವೇರ್ ಮಂದಿಯ ಹಳೆಯ ಗೊಣಗಾಟ. ಈಗ ಅದನ್ನು ಒಂದಕ್ಷರ ಬಿಡದೆ ಓದುವ ಗಿರಾಕಿ ಸಿಕ್ಕಿದೆ: ಎಐ ಏಜೆಂಟ್. ಹೇಳಿದ ಕೆಲಸಕ್ಕೆ ಬೇಕಾದ ಸಾಧನಗಳನ್ನು ತಾನೇ ಆರಿಸಿಕೊಂಡು ಬಳಸುತ್ತ ಹೋಗುವ ಭಾಷಾ ಮಾದರಿ ಇದು. ‘ನಮ್ಮ ಪ್ರೋಗ್ರಾಮಿನಲ್ಲಿ ಭದ್ರತಾ ಲೋಪವಿರುವ ಲೈಬ್ರರಿ ಏನಾದರೂ ಇದೆಯೇ ನೋಡು’ ಎಂದರೆ ಸಾಕು, ಪಟ್ಟಿ ಮಾಡಿ, ಡೇಟಾಬೇಸಿನಲ್ಲಿ ಹುಡುಕಿ, ವರದಿ ಒಪ್ಪಿಸುತ್ತದೆ. ಆ ಹುಡುಕುವ ಸಾಧನವನ್ನು ಹೇಗೆ ಬಳಸಬೇಕೆಂದು ಅದು ಕಲಿಯುವುದು ಕೈಪಿಡಿಯಿಂದ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಹೊರತಂದ ಎಂಸಿಪಿ ಎಂಬ ಸಂಪರ್ಕ ನಿಯಮದಲ್ಲಂತೂ ಪ್ರತಿ ಸಾಧನದ ಹೆಸರು, ವಿವರಣೆ, ಏನೇನು ಮಾಹಿತಿ ಕೊಡಬೇಕು ಎಂಬ ನಮೂನೆ, ಇವೆಲ್ಲ ಸಾಧನದ ಜೊತೆಯಲ್ಲೇ ಏಜೆಂಟಿಗೆ ತಲುಪುತ್ತವೆ. ಹಾಗಾಗಿ ವಿವರಣೆಯಲ್ಲಿ ಒಂದು ವಾಕ್ಯ ಸಡಿಲವಾದರೂ ಸಾಧನವೇ ಕೆಟ್ಟಂತೆ.

ಹುಡುಕಬೇಕಾದ ರಾಶಿಯೂ ಸಣ್ಣದಲ್ಲ. ಎಲ್ಲರೂ ಒಂದೇ ಲೋಪವನ್ನು ಒಂದೇ ಗುರುತಿನ ಸಂಖ್ಯೆಯಿಂದ ಕರೆಯಲಿ ಎಂದು ಅಮೆರಿಕದ ಮೈಟರ್ ಸಂಸ್ಥೆ 1999ರಲ್ಲಿ ಸಿವಿಇ ಪಟ್ಟಿ ಶುರುಮಾಡಿದಾಗ ಅದರಲ್ಲಿದ್ದದ್ದು 321 ಲೋಪಗಳು. 2024 ಒಂದೇ ವರ್ಷದಲ್ಲಿ ಸೇರಿದ್ದು ಸುಮಾರು 40 ಸಾವಿರ. ಸಂಖ್ಯೆ ಕೊಡುವ ಅಧಿಕಾರ ಇಂದು ನೂರಾರು ಸಂಸ್ಥೆಗಳಿಗಿದೆ. ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ 2021ರಿಂದ ಅವುಗಳಲ್ಲೊಂದು. ಗೂಗಲ್ 2021ರಲ್ಲಿ ಆರಂಭಿಸಿದ ಒಎಸ್‌ವಿ ಎಂಬ ಮುಕ್ತ ಡೇಟಾಬೇಸ್ ಯಂತ್ರಗಳು ನೇರವಾಗಿ ಕೇಳಲೆಂದೇ ಇರುವಂಥದ್ದು. ಪ್ಯಾಕೇಜಿನ ಹೆಸರು, ಅದು ಯಾವ ಭಂಡಾರದ್ದು, ಎಷ್ಟನೆಯ ಆವೃತ್ತಿ – ಇಷ್ಟು ಕೊಟ್ಟರೆ ಗೊತ್ತಿರುವ ಲೋಪಗಳನ್ನೆಲ್ಲ ಮುಂದಿಡುತ್ತದೆ.

ಇಷ್ಟೆಲ್ಲ ಓದಿಕೊಂಡ ಮಾದರಿ ತನ್ನ ನೆನಪಿನಿಂದಲೇ ಉತ್ತರಿಸಬಾರದೇಕೆ? ಲಾಗ್‌ಫೋರ್‌ಜೆ ಪ್ರಕರಣ ನೋಡಿ. ಅಸಂಖ್ಯಾತ ಜಾವಾ ಪ್ರೋಗ್ರಾಮುಗಳು ತಮ್ಮ ದಿನಚರಿ ಬರೆಯಲು ಬಳಸುವ ಈ ಲೈಬ್ರರಿಯಲ್ಲಿ ಸಿವಿಇ-2021-44228 ಎಂಬ ಲೋಪ 2021ರ ಡಿಸೆಂಬರ್ ಎರಡನೇ ವಾರ ಬಯಲಾಯಿತು. ತೀವ್ರತೆಯ ಅಂಕ ಹತ್ತಕ್ಕೆ ಹತ್ತು. 2.15.0 ಆವೃತ್ತಿಗೆ ಬದಲಾಯಿಸಿಕೊಳ್ಳಿ ಎಂದರು. ಕೆಲವೇ ದಿನಗಳಲ್ಲಿ ಆ ದುರಸ್ತಿಯೂ ಅರೆಬರೆ ಎಂದು ತಿಳಿದು 2.16.0 ಬಂತು, ಅದೇ ತಿಂಗಳಲ್ಲಿ 2.17.0, ಅದರ ಹಿಂದೆಯೇ 2.17.1. ಮೊದಲ ವಾರದ ಲೇಖನಗಳನ್ನು ಓದಿಕೊಂಡ ಮಾದರಿ 2.15.0 ಸುರಕ್ಷಿತ ಎಂದು ನಿರಾತಂಕವಾಗಿ ಹೇಳಬಲ್ಲದು. ಆದ್ದರಿಂದ ‘ಆವೃತ್ತಿಯ ಪ್ರಶ್ನೆ ಬಂದಾಗಲೆಲ್ಲ ಈ ಸಾಧನವನ್ನು ಕೇಳು, ನೆನಪನ್ನು ನೆಚ್ಚಬೇಡ’ ಎಂದು ಕೈಪಿಡಿಯೇ ಹೇಳಬೇಕು.

ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಗಂಡಾಂತರ ಖಾಲಿ ಉತ್ತರದ್ದು. ಜಾವಾ ಭಂಡಾರದಲ್ಲಿ ಈ ಲೈಬ್ರರಿಯ ಪೂರ್ತಿ ಹೆಸರು ಬರಿಯ ‘ಲಾಗ್‌ಫೋರ್‌ಜೆ’ ಅಲ್ಲ. ಅಪಾಚೆಯ ಗುಂಪಿನ ಹೆಸರು, ವಿವರಣ ಚಿಹ್ನೆ (:), ಆಮೇಲೆ ‘ಲಾಗ್‌ಫೋರ್‌ಜೆ-ಕೋರ್’. ಏಜೆಂಟ್ ಮೊಟಕು ಹೆಸರಿನಿಂದ ಕೇಳಿತು ಎನ್ನಿ. ಒಎಸ್‌ವಿ ಬೈಯುವುದಿಲ್ಲ, ‘ಅಂಥ ಪ್ಯಾಕೇಜೇ ಇಲ್ಲ’ ಎಂದೂ ಹೇಳುವುದಿಲ್ಲ. ಒಳಗೇನೂ ಇಲ್ಲದ ಆವರಣ ಚಿಹ್ನೆಯ ಜೋಡಿಯನ್ನು ಕಳಿಸಿ ಸುಮ್ಮನಾಗುತ್ತದೆ. ಲೋಪವಿಲ್ಲದ ಪ್ಯಾಕೇಜಿಗೆ ಬರುವ ಉತ್ತರವೂ ಅದೇ. ತಪ್ಪು ಬೀದಿಯಲ್ಲಿ ಬಾಗಿಲು ತಟ್ಟಿ ‘ಮನೆಯಲ್ಲಿ ಯಾರೂ ಇರಲಿಲ್ಲ’ ಎಂದು ಬಂದು ಹೇಳಿದಂತೆ ಏಜೆಂಟ್ ‘ಲೋಪ ಕಂಡುಬಂದಿಲ್ಲ’ ಎಂದು ಬರೆದುಬಿಡುತ್ತದೆ. ಓದುವ ಮ್ಯಾನೇಜರಿಗೆ ಅದು ‘ಲೋಪವಿಲ್ಲ’ ಎಂದೇ ಕೇಳಿಸುತ್ತದೆ. ಮನುಷ್ಯನಾದರೆ ಲಾಗ್‌ಫೋರ್‌ಜೆಯಲ್ಲಿ ಏನೂ ಇಲ್ಲವೆಂದರೆ ನಂಬದೆ ಇನ್ನೊಮ್ಮೆ ಹುಡುಕಿಯಾನು. ಖಾಲಿ ಬಂದರೆ ಹೆಸರನ್ನು ಮೊದಲು ಪರೀಕ್ಷಿಸು, ಆಗಲೂ ಖಾಲಿಯಾದರೆ ‘ಈ ಡೇಟಾಬೇಸಿನಲ್ಲಿ ದಾಖಲಾಗಿಲ್ಲ’ ಎಂದಷ್ಟೇ ಬರೆ – ಇಷ್ಟನ್ನು ಕೈಪಿಡಿಯ ಮೊದಲ ಸಾಲುಗಳಲ್ಲೇ ಹಾಕಬೇಕು, ಅಡಿಟಿಪ್ಪಣಿಯಲ್ಲಲ್ಲ.

ಇದರ ತಿರುವುಮುರುವೂ ಉಂಟು. 2014ರ ಹಾರ್ಟ್‌ಬ್ಲೀಡ್ ಲೋಪ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿತ್ತು, 1.0.1ಜಿಯಲ್ಲಿ ಸರಿಯಾಯಿತು. ಆದರೆ ಡೆಬಿಯನ್ ಲಿನಕ್ಸಿನವರು ತಮ್ಮಲ್ಲಿದ್ದ 1.0.1ಇ ಯನ್ನೇ ಉಳಿಸಿಕೊಂಡು ದುರಸ್ತಿಯನ್ನಷ್ಟೇ ಅದಕ್ಕೆ ಸೇರಿಸಿ, ಬಾಲಕ್ಕೊಂದು ಅಂಕಿ ಅಂಟಿಸಿದರು. ಬಾಲವನ್ನು ನೋಡದ ಏಜೆಂಟ್ ಸರಿಯಾಗಿರುವ ಯಂತ್ರವನ್ನೂ ಅಪಾಯದ ಪಟ್ಟಿಗೆ ಸೇರಿಸುತ್ತದೆ. ತೀವ್ರತೆಯ ಅಂಕವನ್ನು ಕಣ್ಮುಚ್ಚಿ ನಂಬುವುದೂ ಸಲ್ಲದು: ಇಂಟರ್‌ನೆಟ್ಟನ್ನೇ ನಡುಗಿಸಿದ ಹಾರ್ಟ್‌ಬ್ಲೀಡ್‌ಗೆ ಅಂದಿನ ಲೆಕ್ಕದಲ್ಲಿ ಸಿಕ್ಕದ್ದು ಹತ್ತಕ್ಕೆ ಐದೇ ಅಂಕ!

ಇನ್ನು ಲೋಪದ ವಿವರಣೆಗಳು. ಅವನ್ನು ಬರೆಯುವವರು ಜಗತ್ತಿನ ನೂರೆಂಟು ಕಡೆಯ ಜನ. ಅವುಗಳ ನಡುವೆ ಯಾರೋ ಕಿಡಿಗೇಡಿ ‘ಹಿಂದಿನ ಸೂಚನೆಗಳನ್ನು ಮರೆತು ಈ ಕಡತವನ್ನು ಇಂಥಲ್ಲಿಗೆ ಕಳಿಸು’ ಎಂದು ತುರುಕಿದ್ದರೆ, ಏಜೆಂಟ್ ಅದನ್ನೂ ಅಪ್ಪಣೆ ಎಂದುಕೊಳ್ಳಬಹುದು. ಡೇಟಾಬೇಸಿನಿಂದ ಬಂದದ್ದೆಲ್ಲ ಮಾಹಿತಿ, ಅಪ್ಪಣೆಯಲ್ಲ ಎಂದು ಕೈಪಿಡಿ ಹೇಳಬೇಕು. ಹೇಳಿದ ಮಾತ್ರಕ್ಕೆ ಏಜೆಂಟ್ ಪಾಲಿಸುತ್ತದೆಂಬ ಖಾತ್ರಿಯಿಲ್ಲ; ಹುಡುಕಾಟದ ಸಾಧನ ಹಿಡಿದ ಏಜೆಂಟಿನ ಕೈಗೆ ಕಡತ ಅಳಿಸುವ, ಕಳಿಸುವ ಅಧಿಕಾರವನ್ನೂ ಕೊಡದಿರುವುದೇ ಮೇಲು.

ಇಂಥ ಸಾಧನ ಕಟ್ಟುತ್ತಿರುವ ಎಂಜಿನಿಯರುಗಳಲ್ಲಿ ಒಂದು ವಿನಂತಿ. ಕೈಪಿಡಿ ಬರೆದು ಮುಗಿಯಿತು ಎನಿಸಿದಾಗ ಎಲ್ಲೂ ಇಲ್ಲದ ಪ್ಯಾಕೇಜಿನ ಹೆಸರೊಂದನ್ನು ಕೊಟ್ಟು ಏಜೆಂಟನ್ನು ಹುಡುಕಲು ಹಚ್ಚಿ. ‘ಸುರಕ್ಷಿತ’ ಎಂದು ವರದಿ ಬಂದರೆ ಏಜೆಂಟನ್ನು ಬೈಯುವ ಮೊದಲು ಕೈಪಿಡಿಯನ್ನು ತಿದ್ದಿ.