ಕೈತಪ್ಪಿ ಹೋದ 112 ಕರೆ: ಬಾಗಿಲಿಗೆ ಪೊಲೀಸರು ಬಂದರೆ ಗಾಬರಿ ಬೇಡ

ಕಳೆದ ಕೊಯ್ಲಿನಲ್ಲಿ ನಮ್ಮ ಸದಸ್ಯರೊಬ್ಬರ ಮನೆಯ ಮುಂದೆ ರಾತ್ರಿ ಒಂಬತ್ತೂವರೆಗೆ ಪೊಲೀಸ್ ವಾಹನ ಬಂದು ನಿಂತಿತು. ಚಪ್ಪರದಲ್ಲಿ ಅಡಿಕೆ ಸುಲಿಯುತ್ತಿದ್ದವರೆಲ್ಲ ಮೆಟ್ಟುಗತ್ತಿ ಬಿಟ್ಟು ಎದ್ದರು. "ಇಲ್ಲಿಂದ 112ಕ್ಕೆ ಕರೆ ಬಂದಿದೆ, ಏನು ತೊಂದರೆ?" ಎಂದು ಪೊಲೀಸರು ಕೇಳಿದರು. ಯಾರೂ ಕರೆ ಮಾಡಿರಲಿಲ್ಲ. ವಿಚಾರಿಸಿದಾಗ, ಯಜಮಾನರು ಚೀಲ ಎತ್ತುವಾಗ ಅಂಗಿ ಜೇಬಿನ ಕೀಪ್ಯಾಡ್ ಮೊಬೈಲು ಒತ್ತಿಹೋಗಿತ್ತೆಂದು ತಿಳಿಯಿತು. ಆಮೇಲೆ ಗುರುತಿಲ್ಲದ ನಂಬರಿನಿಂದ ಎರಡು ಬಾರಿ ಕರೆ ಬಂದಿತ್ತು. ಸಾಲ ಕೊಡುತ್ತೇವೆ ಎನ್ನುವವರಿರಬೇಕೆಂದು ಅವರು ಕತ್ತರಿಸಿದ್ದರು. ಮಾರನೆಯ ದಿನ ಪೇಟೆಯಲ್ಲಿ ಕಂಡವರೆಲ್ಲ "ನಿನ್ನೆ ಮನೇಲಿ ಏನು ಗಲಾಟೆ?" ಎಂದು ಕೇಳಿ ಅವರಿಗೆ ಸಾಕಾಗಿಹೋಯಿತು.

"ತಪ್ಪಿ ಹೋದ ಕರೆಗೂ ಪೊಲೀಸರು ಮನೆತನಕ ಬರಬೇಕೆ?" ಎಂಬುದು ಅವರ ಪ್ರಶ್ನೆ. ಇನ್ನೂ ಹಲವರಿಗೆ ಈ ಸಂದೇಹ ಇರಬಹುದೆಂದು ಇಲ್ಲಿ ವಿವರಿಸುತ್ತಿದ್ದೇವೆ.

ಕರೆ ಹೋಗುವುದು ಹೇಗೆ?

ತುರ್ತು ಸಹಾಯಕ್ಕೆ ದೇಶಕ್ಕೆಲ್ಲ ಒಂದೇ ಸಂಖ್ಯೆಯಾದ 112 ನಮ್ಮ ರಾಜ್ಯದಲ್ಲಿ 2019ರಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲೇ, 2016ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಮಾಡಿತ್ತು. ಅದರಂತೆ 2017ರ ಜನವರಿ 1ರಿಂದ ಮಾರುವ ಮೊಬೈಲುಗಳಲ್ಲಿ ತುರ್ತು ಗುಂಡಿ ಇರಲೇಬೇಕು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್ ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗನೆ ಮೂರು ಸಲ ಒತ್ತಿದರೆ ಕರೆ ಹೋಗುತ್ತದೆ. ಕೆಲವು ಹೊಸ ಫೋನುಗಳಲ್ಲಿ ಐದು ಸಲ ಒತ್ತಬೇಕು. ಆಪತ್ತಿನಲ್ಲಿರುವವರಿಗೆ ನಂಬರು ಹುಡುಕಲು ಪುರುಸೊತ್ತಿರುವುದಿಲ್ಲವೆಂದೇ ಈ ಏರ್ಪಾಡು. ಲಾಕ್ ಮಾಡಿದ ಫೋನಿನಿಂದಲೂ ತುರ್ತು ಕರೆ ಹೋಗುತ್ತದೆ. ಆದುದರಿಂದ ಲಾಕ್ ಇದೆಯೆಂದು ಮಗುವಿನ ಕೈಗೆ ಫೋನು ಕೊಟ್ಟು ನಿಶ್ಚಿಂತರಾಗುವಂತಿಲ್ಲ.

ಬರುವುದೇಕೆ?

ಮಾತಿಲ್ಲದೆ ಕಡಿದುಹೋದ ಕರೆ ಎರಡು ಬಗೆಯದಿರಬಹುದು. ಒಂದು, ಜೇಬಿನಲ್ಲಿ ಒತ್ತಿಹೋದದ್ದು. ಇನ್ನೊಂದು, ಗಂಡನ ಹೊಡೆತಕ್ಕೆ ಸಿಕ್ಕ ಹೆಂಗಸು ಕರೆ ಮಾಡುವಷ್ಟರಲ್ಲಿ ಫೋನು ಕಿತ್ತುಕೊಂಡದ್ದು; ಅಥವಾ ಒಂಟಿಮನೆಯ ಮುದುಕರು ಬಿದ್ದು ಮಾತಾಡಲಾರದಾದದ್ದು. ದೂರದ ಕೊಠಡಿಯಲ್ಲಿ ಕುಳಿತವರಿಗೆ ಎರಡೂ ಒಂದೇ ರೀತಿ ಕೇಳಿಸುತ್ತದೆ. ತಿರುಗಿ ಕರೆ ಮಾಡಿದಾಗ ಉತ್ತರ ಬರದಿದ್ದರೆ, ಕಣ್ಣಾರೆ ನೋಡಿಬರುವುದೊಂದೇ ದಾರಿ. ಬಂದವರು ಮನೆಯ ಹೆಂಗಸರನ್ನು ಪ್ರತ್ಯೇಕವಾಗಿ ಮಾತಾಡಿಸಿದರೂ ಅವಮಾನವೆಂದು ತಿಳಿಯಬಾರದು. ತೊಂದರೆಯಲ್ಲಿರುವವಳು ಎಲ್ಲರೆದುರಿಗೆ ಬಾಯಿಬಿಡುವುದಿಲ್ಲ.

ನಮ್ಮ ಕಡೆ ಒಂಟಿಮನೆಗಳು ದೂರ ದೂರ. ಘಟ್ಟದ ರಸ್ತೆಯಲ್ಲಿ ಹೋಗಿಬರಲು ಬಹಳ ಹೊತ್ತು ಬೇಕು. ಸುಳ್ಳೇ ಕರೆಗೆ ವಾಹನ ಒಂದು ತೋಟಕ್ಕೆ ಬಂದಿರುವಾಗ ಇನ್ನೊಂದು ಕಡೆ ಜೀಪು ಮಗುಚಿದ್ದರೆ, ಆನೆ ನುಗ್ಗಿದ್ದರೆ ಅವರು ಕಾಯಬೇಕಾಗುತ್ತದೆ. ನಿಜವಾದ ನಷ್ಟ ಇದು.

ಏನು ಮಾಡಬೇಕು?

1. ಕರೆ ಹೋಗಿದೆಯೆಂದು ಗೊತ್ತಾದರೆ ಕತ್ತರಿಸಬೇಡಿ. "ತಪ್ಪಿ ಬಂದಿದೆ, ಏನೂ ತೊಂದರೆಯಿಲ್ಲ" ಎಂದು ಹೆಸರು, ಊರು ಹೇಳಿ.
2. ಕಡಿದುಹೋಗಿದ್ದರೆ, ತಿರುಗಿ ಬರುವ ಕರೆಗೆ ಉತ್ತರಿಸಿ. ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೆ ಸಿಗುವ ಕಡೆ ಬಂದು ನೀವೇ 112ಕ್ಕೆ ಕರೆಮಾಡಿ ತಿಳಿಸಿ.
3. ಪೊಲೀಸರು ಬಂದರೆ ನಡೆದದ್ದನ್ನು ನಡೆದಂತೆ ಹೇಳಿ, ಫೋನು ತೋರಿಸಿ.
4. ಕೀಪ್ಯಾಡ್ ಫೋನಿಗೆ ಕೀಲಿ ಲಾಕ್ ಹಾಕಿ, ಗಟ್ಟಿ ಚೀಲದಲ್ಲಿಡಿ. ಆದರೆ ತುರ್ತು ಗುಂಡಿಯ ಸೌಲಭ್ಯವನ್ನೇ ತೆಗೆಸಬೇಡಿ.

ಶಿಕ್ಷೆಯ ಭಯ ಹಲವರಿಗಿದೆ. ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮು ಸುಳ್ಳೆಂದು ಗೊತ್ತಿದ್ದೇ ಸರ್ಕಾರಿ ನೌಕರರಿಗೆ ಮಾಹಿತಿ ಕೊಡುವವರಿಗೆ ಅನ್ವಯಿಸುತ್ತದೆ; ಒಂದು ವರ್ಷದವರೆಗೆ ಸಜೆ, ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕೈತಪ್ಪಿ ಒತ್ತಿಹೋದದ್ದು ಆ ಬಗೆಯದಲ್ಲ.

ಅಮೆರಿಕಕ್ಕೆ ಹೋಗುವವರಿಗೆ

ಮಕ್ಕಳ ಬಾಣಂತನಕ್ಕೆಂದು ಅಲ್ಲಿಗೆ ಹೋಗುವ ಸದಸ್ಯರಿಗೂ ಒಂದು ಮಾತು. ಅಲ್ಲಿನ ತುರ್ತು ಸಂಖ್ಯೆ 911. ಮನೆಯ ಸ್ಥಿರ ದೂರವಾಣಿಯಿಂದ ಊರಿಗೆ ಮಾತಾಡಲು 011 ಒತ್ತಿ, ಆಮೇಲೆ ನಮ್ಮ ದೇಶದ 91 ಒತ್ತಬೇಕು. 011 ಮರೆತು, 91ರ ಮುಂದೆ ಇನ್ನೊಂದು 1 ಒತ್ತಿದರೆ ಕರೆ ಪೊಲೀಸರಿಗೇ! ಭಾಷೆ ಬಾರದೆಂದು ಹೆದರಿ ಇಟ್ಟುಬಿಟ್ಟರೆ ಅಲ್ಲಿಯೂ ಬಾಗಿಲು ತಟ್ಟಬಹುದು. ಇಡದೆ "ಮಿಸ್ಟೇಕ್" ಎನ್ನಿ, "ಕನ್ನಡ" ಎನ್ನಿ. ದುಭಾಷಿಗಳನ್ನು ಕರೆಸುವ ಅನುಕೂಲ ಅನೇಕ ಕೇಂದ್ರಗಳಲ್ಲಿದೆ.

ಕೊನೆಯದಾಗಿ, ತಪ್ಪು ಕರೆಯ ಭಯದಿಂದ ನಿಜವಾದ ಆಪತ್ತಿನಲ್ಲಿ 112 ಒತ್ತಲು ಯಾರೂ ಹಿಂಜರಿಯಬಾರದು. ಮನೆಯ ಹೆಂಗಸರು, ಮಕ್ಕಳು, ಲೈನಿನಲ್ಲಿರುವ ಆಳುಗಳು ಎಲ್ಲರಿಗೂ ಈ ಸಂಖ್ಯೆ ಗೊತ್ತಿರಲಿ. ತೋಟಕ್ಕೆ ತಿರುಗುವ ದಾರಿಯ ಗುರುತನ್ನು ಎರಡು ಮಾತಿನಲ್ಲಿ ಹೇಳಲು ಅವರಿಗೆ ಈಗಲೇ ಕಲಿಸಿಡಿ.