ಹಿತ್ತಿಲಿಗೆ ಯಾವ ಬೂದುಗುಂಬಳ?

ಹತ್ತು ಕಿಲೋ ತೂಗುವ ಬೂದುಗುಂಬಳಕಾಯಿಯಲ್ಲಿ ಒಂಬತ್ತೂವರೆ ಕಿಲೋ ನೀರೇ. ನೂರು ಗ್ರಾಂ ತಿರುಳು ತೆಗೆದುಕೊಂಡರೆ ಸುಮಾರು 96 ಗ್ರಾಂ ನೀರು. ಉಳಿದದ್ದು ಒಂದಿಷ್ಟು ನಾರು, ಸಕ್ಕರೆ, ಲವಣ, ಸ್ವಲ್ಪ ಸಿ ವಿಟಮಿನ್. ಎಲ್ಲ ಸೇರಿ 13 ಕ್ಯಾಲೊರಿ. ವರ್ಷದ ಮಳೆ 500–600 ಮಿಲಿಮೀಟರಿನ ಆಸುಪಾಸಿನಲ್ಲೇ ನಿಂತುಬಿಡುವ ಪಾವಗಡ, ಶಿರಾದಂಥ ಕಡೆ ತಿಪ್ಪೆಯ ಮಗ್ಗುಲಲ್ಲಿ ತಾನಾಗಿ ಎದ್ದ ಬಳ್ಳಿಯೊಂದು ಇಷ್ಟು ನೀರನ್ನು ನೆಲದಿಂದ ಎತ್ತಿ, ಸಿಪ್ಪೆಯೊಳಗೆ ಬಿಗಿದು, ಬೇಸಿಗೆಯವರೆಗೂ ಕೆಡದಂತೆ ಇಟ್ಟುಕೊಡುತ್ತದೆ. ನಮ್ಮ ಬಯಲುಸೀಮೆಯ ಹಿತ್ತಿಲಿಗೆ ಇದಕ್ಕಿಂತ ಹೊಂದುವ ತರಕಾರಿ ಕಡಿಮೆ ಎಂಬುದು ನನ್ನ ನಂಬಿಕೆ. ಆದರೆ ಎಲ್ಲ ಬೂದುಗುಂಬಳವೂ ಒಂದೇ ಅಲ್ಲ. ತಳಿಯ ಆಯ್ಕೆ ತಪ್ಪಿದರೆ ಬಳ್ಳಿ ಹಿತ್ತಿಲನ್ನೆಲ್ಲ ಆವರಿಸಿ, ಮಳೆ ಮುಗಿದ ಮೇಲೆ ಹೂ ಬಿಟ್ಟು, ಇಬ್ಬರಿರುವ ಮನೆಗೆ ಹನ್ನೆರಡು ಕಿಲೋದ ಕಾಯಿ ಕೊಟ್ಟು ಕೂರುತ್ತದೆ.

ಬೀಜದ ಪೊಟ್ಟಣಗಳ ಮೇಲೆ ಹೆಕ್ಟೇರಿಗೆ ಇಷ್ಟು ಟನ್ ಎಂದು ಬರೆದಿರುತ್ತಾರೆ. ಹಿತ್ತಿಲಿಗೆ ಆ ಲೆಕ್ಕ ಬೇಡ. ಕಾಯಿ ಎಷ್ಟು ದೊಡ್ಡದಾಗುತ್ತದೆ, ಎಷ್ಟು ದಿನಕ್ಕೆ ಬಲಿಯುತ್ತದೆ, ಸಿಪ್ಪೆಯ ಮೇಲೆ ಬೂದಿ ಎಷ್ಟು ದಟ್ಟವಾಗಿ ಕೂರುತ್ತದೆ ಎಂಬ ಮೂರೇ ಸಂಗತಿ ತಿಳಿದರೆ ಸಾಕು.

ಮೊದಲು ಗಾತ್ರ. ಬಲಿತ ಕಾಯಿ ಇಡಿಯಾಗಿದ್ದರೆ ತಿಂಗಳುಗಟ್ಟಲೆ ಇರುತ್ತದೆ, ಕುಯ್ದ ಮರುಗಳಿಗೆಯಿಂದ ಅದರ ಆಯುಸ್ಸು ಕೆಲವೇ ದಿನ. ನಾಲ್ಕೈದು ಜನರ ಮನೆಯಲ್ಲಿ ಒಂದು ದಿನದ ಮಜ್ಜಿಗೆಹುಳಿಗೆ ಒಂದು ಕಿಲೋ ಹೋಳು ಧಾರಾಳವಾಯಿತು. ಹತ್ತು ಕಿಲೋದ ಕಾಯಿ ಕುಯ್ದರೆ ಉಳಿದ ಒಂಬತ್ತು ಕಿಲೋವನ್ನು ನೆರೆಮನೆಗಳಿಗೆ ಹಂಚಬೇಕು, ಇಲ್ಲವೇ ಅದೇ ದಿನ ಸಂಡಿಗೆಗೆ ಹೆಚ್ಚಿಕೊಂಡು ಕೂರಬೇಕು. ಎರಡು ಮೂರು ಕಿಲೋದ ಕಾಯಾದರೆ ಎರಡು ಅಡುಗೆಗೆ ಮುಗಿಯುತ್ತದೆ.

ಇಲ್ಲಿ ಸಸ್ಯಶಾಸ್ತ್ರದ ಒಂದು ಮಾತನ್ನು ಗಮನಿಸಬೇಕು. ಬಳ್ಳಿಯ ಎಲೆಗಳು ಬಿಸಿಲಲ್ಲಿ ತಯಾರಿಸುವ ಸಕ್ಕರೆಗೆ ಒಂದು ಮಿತಿ ಇದೆ. ದೊಡ್ಡ ಕಾಯಿಯ ತಳಿ ಆ ಸಕ್ಕರೆಯನ್ನು ಎರಡು ಮೂರು ಕಾಯಿಗೆ ಸುರಿಯುತ್ತದೆ; ಮೊದಲು ಕಚ್ಚಿದ ಕಾಯಿಗಳು ಊದತೊಡಗಿದ ಮೇಲೆ ಬಂದ ಹೀಚುಗಳು ಹಳದಿಯಾಗಿ ಉದುರುವುದು ಅದಕ್ಕೇ. ಸಣ್ಣ ಕಾಯಿಯ ತಳಿ ಅದೇ ಸಕ್ಕರೆಯನ್ನು ಹೆಚ್ಚು ಕಾಯಿಗಳಿಗೆ ಹಂಚುತ್ತದೆ. ಆದ್ದರಿಂದ ಸಣ್ಣ ಕಾಯಿಯ ತಳಿ ಎಂದರೆ ಕಡಿಮೆ ಫಸಲಿನ ತಳಿ ಎಂದು ತಿಳಿಯಬೇಕಾಗಿಲ್ಲ. ಒಂದು ಹೀಚಿಗೆ ಹಣ್ಣುನೊಣ ಚುಚ್ಚಿದರೂ ಉಳಿದವು ಇರುತ್ತವೆ ಎಂಬುದು ಇನ್ನೊಂದು ಲಾಭ.

ನಮ್ಮ ದೇಶದ ಸಂಶೋಧನಾ ಸಂಸ್ಥೆಗಳು ಬಿಡುಗಡೆ ಮಾಡಿದ ತಳಿಗಳನ್ನು ಈ ಕಣ್ಣಿನಿಂದ ನೋಡಿದರೆ ಅವುಗಳಲ್ಲಿ ಎರಡು ದಾರಿ ಕಾಣುತ್ತವೆ. ವಾರಾಣಸಿಯ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆಯ ಕಾಶಿ ಧವಳ್ ಉದ್ದನೆಯ, 11–12 ಕಿಲೋ ತೂಗುವ ಕಾಯಿಯ ತಳಿ. ಅದೇ ಸಂಸ್ಥೆಯ ಕಾಶಿ ಉಜ್ವಲ್ ಗುಂಡಗೆ, ಅದೂ ದೊಡ್ಡದೇ. ಲೂಧಿಯಾನಾದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪಿಎಜಿ-3 ಕೂಡ ಹತ್ತು ಕಿಲೋದ ಹತ್ತಿರ ಹೋಗುತ್ತದೆ. ಉತ್ತರದಲ್ಲಿ ಇಷ್ಟು ದೊಡ್ಡ ಕಾಯಿ ಬೇಕಾದದ್ದು ಆಗ್ರಾದ ಪೇಠಾದಂಥ ಮಿಠಾಯಿಗೆ. ದಪ್ಪ ತಿರುಳು, ಕಡಿಮೆ ಬೀಜ, ಅಚ್ಚ ಬಿಳಿ ಬಣ್ಣ, ಬೆಂದರೂ ಕರಗದ ಗಟ್ಟಿತನ, ಇವು ಮಿಠಾಯಿಯವರ ಬೇಡಿಕೆ. ಹೋಳುಗಳನ್ನು ಅವರು ಸುಣ್ಣದ ತಿಳಿನೀರಿನಲ್ಲಿ ನೆನೆಸಿಡುತ್ತಾರೆ. ಸುಣ್ಣದ ಕ್ಯಾಲ್ಸಿಯಂ ಜೀವಕೋಶಗಳ ಗೋಡೆಯ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವುದರಿಂದ ಸಕ್ಕರೆ ಪಾಕದಲ್ಲಿ ಕುದಿದರೂ ಹೋಳು ಒಡೆಯುವುದಿಲ್ಲ. ಮನೆಯಲ್ಲಿ ಕಾಶಿ ಹಲ್ವ ಮಾಡುವವರಿಗೂ ಬಲಿತ, ಗಟ್ಟಿ ತಿರುಳಿನ ಕಾಯೇ ಬೇಕು, ನಿಜ. ಆದರೆ ವರ್ಷಕ್ಕೊಮ್ಮೆ ಮಾಡುವ ಹಲ್ವಕ್ಕಾಗಿ ಇಡೀ ಹಿತ್ತಿಲನ್ನು ಮಿಠಾಯಿ ತಳಿಗೆ ಬಿಟ್ಟುಕೊಡುವುದು ಬೇಡ.

ದಕ್ಷಿಣದಲ್ಲಿ ನಡೆದ ಆಯ್ಕೆ ಸಾಂಬಾರಿಗೆ, ಪಲ್ಯಕ್ಕೆ ಹತ್ತಿರ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಎರಡು ತಳಿ ಕೊಟ್ಟಿದೆ. ಸಿಒ-1 ಮಧ್ಯಮ ಗಾತ್ರದ್ದು, ಬಲಿಯಲು ಸುಮಾರು ಐದು ತಿಂಗಳು ತೆಗೆದುಕೊಳ್ಳುತ್ತದೆ. ಸಿಒ-2ರ ಕಾಯಿ ಮೂರು ಕಿಲೋದ ಆಚೀಚೆ, ನಾಲ್ಕು ತಿಂಗಳ ಬೆಳೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಕೆಎಯು ಲೋಕಲ್ ಉದ್ದಕಾಯಿ. ಅದೇ ವಿಶ್ವವಿದ್ಯಾಲಯದ ‘ಇಂದು’ ತಳಿ ಗುಂಡುಕಾಯಿ, ಮೊಸಾಯಿಕ್ ವೈರಸ್ ರೋಗವನ್ನು ತಾಳಿಕೊಳ್ಳುತ್ತದೆಂದು ಹೆಸರಾದದ್ದು. ಕೇರಳದವರು ಆಯುರ್ವೇದ ಔಷಧಿಗೆಂದೇ ಬೆಳೆಯುವ ನೈಕುಂಬಳ ಎಂಬ ಪುಟ್ಟ ಕಾಯಿಯೂ ಇದೆ. ಇನ್ನೂ ಪೂರ್ವಕ್ಕೆ, ಚೀನಾದ ದಕ್ಷಿಣ ಪ್ರಾಂತ್ಯಗಳಿಗೆ ಹೋದರೆ ಬೂದಿಯೇ ಇಲ್ಲದ ಕಡುಹಸಿರು ಸಿಪ್ಪೆಯ ಭಾರಿ ಕಾಯಿಗಳಿವೆ. ಬಲಿಯಲು ಬಿಡದೆ, ಮೈತುಂಬ ರೋಮವಿರುವ ಎಳಸಿನಲ್ಲೇ ಕುಯ್ದು ತಿನ್ನುವ ಸಣ್ಣ ತಳಿಗಳೂ ಇವೆ. ಇಷ್ಟು ವೈವಿಧ್ಯವಿದ್ದರೂ ಇವೆಲ್ಲ ಒಂದೇ ಪ್ರಭೇದ, ಬೆನಿನ್‌ಕಾಸಾ ಹಿಸ್ಪಿಡಾ. ಅದರ ಕುಲದಲ್ಲಿ ಇದೊಂದೇ ಪ್ರಭೇದವೆಂದು ಬಹುಕಾಲ ಎಣಿಸಲಾಗಿತ್ತು. 2019ರಲ್ಲಿ ಚೀನಾದ ವಿಜ್ಞಾನಿಗಳು ಇದರ ಜೀನೋಮನ್ನು ಓದಿ ಮುಗಿಸಿದಾಗ, ಸೌತೆ, ಕಲ್ಲಂಗಡಿ, ಸೋರೆಗಳ ಬಳಗದಲ್ಲಿ ಪೂರ್ವಜರ ವರ್ಣತಂತುಗಳ ಜೋಡಣೆಯನ್ನು ಹೆಚ್ಚು ಕೆಡದಂತೆ ಉಳಿಸಿಕೊಂಡು ಬಂದದ್ದು ಬೂದುಗುಂಬಳವೇ ಎಂದು ಕಂಡುಬಂತು.

ಸಿಹಿಗುಂಬಳ ಈ ಕುಲಕ್ಕೆ ಸೇರಿದ್ದಲ್ಲ. ಅದು ಅಮೆರಿಕ ಖಂಡದಿಂದ ಬಂದ ಬೆಳೆ. ಎರಡನ್ನೂ ಅಕ್ಕಪಕ್ಕ ಹಾಕಿದರೆ ಬೆರಕೆಯಾಗಿ ರುಚಿ ಕೆಡುತ್ತದೆ ಎಂಬ ಭಯ ಹಲವರಿಗಿದೆ. ಧೈರ್ಯವಾಗಿ ಹಾಕಬಹುದು, ಇವೆರಡೂ ಬೆರೆಯುವುದಿಲ್ಲ.

ಇನ್ನು ದಿನಗಳ ಲೆಕ್ಕ. ತುಮಕೂರು ಜಿಲ್ಲೆಯ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದು ಗಾತ್ರಕ್ಕಿಂತ ಮುಖ್ಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಮುಂಗಾರು ಆರಂಭದಲ್ಲಿ ಬರುವುದು ಹದ ಮಾಡುವಷ್ಟು ಮಳೆ. ಕೆರೆಗೆ ನೀರು ತರುವ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ಮೃಗಶಿರದಲ್ಲಿ, ಅಂದರೆ ಜೂನ್ ಎರಡನೆಯ ವಾರದಿಂದಾಚೆಗೆ, ಬೀಜ ಊರಿದರೆ ಬಳ್ಳಿ ಹರಡುವ ಜುಲೈ ತಿಂಗಳ ಒಣಗಾಳಿಯನ್ನು ಬಚ್ಚಲ ನೀರಿನಲ್ಲಿ ದಾಟಿಸಬಹುದು. ಹೆಣ್ಣುಹೂ ಬರುವುದು ಆಗಸ್ಟಿನಲ್ಲಿ. ಕಾಯಿ ಊದುವ, ನೀರು ಅತಿ ಹೆಚ್ಚು ಬೇಕಾಗುವ ವಾರಗಳು ಸರಿಯಾಗಿ ಉತ್ತರೆ, ಹಸ್ತದ ಮಳೆಗೆ ಸಿಗುತ್ತವೆ. ನಾಲ್ಕು ತಿಂಗಳ ತಳಿಯಾದರೆ ಅಕ್ಟೋಬರಿನಲ್ಲಿ ಕಾಯಿ ಬಲಿತಿರುತ್ತದೆ. ಐದು ತಿಂಗಳ ತಳಿ ನವೆಂಬರಿಗೆ ಜಾರುತ್ತದೆ; ಚಿತ್ತೆ ಕೈಕೊಟ್ಟ ವರ್ಷ ಪಾವಗಡದಂಥ ಕಡೆ ಆ ಕೊನೆಯ ತಿಂಗಳಿಗೆ ನೀರು ಎಲ್ಲಿಂದ ತರುವುದು? ಆಯುಧಪೂಜೆಗೆ ಮನೆಯದೇ ಕಾಯಿ ಬೇಕೆನ್ನುವವರಿಗೂ ಬೇಗ ಬಲಿಯುವ ತಳಿಯೇ ಸರಿ.

ಹೂವಿನ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಬೂದುಗುಂಬಳದಲ್ಲಿ ಗಂಡುಹೂ, ಹೆಣ್ಣುಹೂ ಬೇರೆ ಬೇರೆ, ಇರುವುದು ಒಂದೇ ಬಳ್ಳಿಯಲ್ಲಿ. ಮೊದಲು ಬರುವುದೆಲ್ಲ ಗಂಡು. ಹೂವಿನ ಬುಡದಲ್ಲಿ ರೋಮ ತುಂಬಿದ ಪುಟ್ಟ ಕಾಯಿ ಕಂಡರೆ ಅದು ಹೆಣ್ಣು. ದಿನ ಉದ್ದವಾಗುತ್ತ, ಸೆಖೆ ಏರುತ್ತ ಹೋದರೆ ಗಂಡುಹೂಗಳದೇ ಕಾರುಬಾರು. ಹಗಲು ಮೊಟಕಾಗಿ ತಂಪು ಬಂದರೆ ಹೆಣ್ಣುಹೂ ಹೆಚ್ಚುತ್ತವೆ. ಫೆಬ್ರವರಿಯಲ್ಲಿ ಬೀಜ ಹಾಕಿ ಏಪ್ರಿಲಿನಲ್ಲಿ ಬರೀ ಗಂಡುಹೂ ಎಂದು ಬೇಸರಪಡುವ ಬದಲು ಜೂನಿಗೆ ಕಾಯುವುದು ಒಳ್ಳೆಯದು. ಹೂ ಅರಳುವುದು ನಸುಕಿನಲ್ಲಿ. ಜೇನು ಬಾರದ ಪೇಟೆ ಹಿತ್ತಿಲಾದರೆ ಬೆಳಿಗ್ಗೆ ಎಂಟರೊಳಗೆ ಗಂಡುಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣುಹೂವಿನ ಶಲಾಕಾಗ್ರಕ್ಕೆ ಮೆಲ್ಲಗೆ ಸವರಿದರೆ ಕಾಯಿ ಕಚ್ಚುತ್ತದೆ.

ಮೂರನೆಯದು ಬೂದಿ. ಎಳೆಗಾಯಿ ಹಸಿರಾಗಿ ರೋಮದಿಂದ ಮುಚ್ಚಿರುತ್ತದೆ. ಬಲಿತಂತೆ ರೋಮ ಉದುರಿ ಬಿಳಿ ಪುಡಿ ಕೂರುತ್ತದೆ. ಅದು ಮೇಣ, ಬಹುಪಾಲು ಟ್ರೈಟರ್ಪಿನಾಯ್ಡ್ ಎಂಬ ಗುಂಪಿನ ರಾಸಾಯನಿಕಗಳು, ಸಿಪ್ಪೆಯ ಹೊರಪದರದ ಕೋಶಗಳಿಂದ ಹೊರಬಂದು ಸೂಕ್ಷ್ಮ ಹರಳುಗಳಾಗಿ ನಿಂತಿರುವುದು. ಈ ಮೇಣ ಒಳಗಿನ ನೀರು ಆವಿಯಾಗದಂತೆ ತಡೆಯುತ್ತದೆ. ಹೊರಗಿನ ಮಳೆನೀರು ಅದರ ಮೇಲೆ ನಿಲ್ಲದೆ ಜಾರುವುದರಿಂದ ಬೂಷ್ಟಿನ ಬೀಜಾಣುಗಳು ಮೊಳೆಯಲು ತೇವ ಸಿಗುವುದಿಲ್ಲ. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಸಿಪ್ಪೆ ಸುಡುವುದೂ ಕಡಿಮೆ. ಪಾವಗಡದ ಬಿಸಿಲಿಗೆ, ಬಹುಕಾಲ ಕೂಡಿಡುವ ಆಸೆಗೆ ದಟ್ಟ ಬೂದಿಯ ತಳಿಯೇ ಬೇಕು. ಆದ್ದರಿಂದ ಕುಯ್ಯುವಾಗ ತೊಟ್ಟನ್ನು ಎರಡು ಮೂರು ಇಂಚು ಉಳಿಸಿಕೊಂಡು, ಮೈಮೇಲಿನ ಬೂದಿ ಒರೆಸದೆ, ಗಾಳಿಯಾಡುವ ಕಡೆ ಹುಲ್ಲಿನ ಮೇಲೆ ಇಡಿ, ಇಲ್ಲವೇ ತೊಲೆಗೆ ತೂಗುಹಾಕಿ. ಚೆನ್ನಾಗಿ ಕಾಣಲೆಂದು ತೊಳೆದು ಒರೆಸಿಟ್ಟ ಕಾಯಿ ಅಷ್ಟು ದಿನ ಬಾಳುವುದಿಲ್ಲ.

ನಾಲ್ಕು ತಾಲ್ಲೂಕುಗಳಿಗೂ ಒಂದೇ ಸಲಹೆ ಹೊಂದುವುದಿಲ್ಲ. ಜಯಮಂಗಲಿ ಹರಿಯುವ ಕೊರಟಗೆರೆಯ ತೋಟದ ಸಾಲಿನಲ್ಲಿ ತೇವ ಹೆಚ್ಚು, ನೆರಳೂ ಹೆಚ್ಚು. ಅಡಿಕೆಯ ಕೆಳಗೆ ಬೂದುಗುಂಬಳ ಎಲೆ ಬಿಡುತ್ತದೆ, ಕಾಯಿ ಬಿಡುವುದಿಲ್ಲ. ಬದುವಿನ ಬಿಸಿಲಿಗೆ ತನ್ನಿ. ನೆಲದ ಮೇಲಿನ ಕಾಯಿಯ ಕೆಳಗೆ ಚಪ್ಪಡಿ ಕಲ್ಲೋ ಒಣಹುಲ್ಲೋ ಕೊಡದಿದ್ದರೆ ಅಡಿ ಕೊಳೆಯುತ್ತದೆ. ಸಣ್ಣ ಕಾಯಿಯ ತಳಿಯನ್ನು ಚಪ್ಪರಕ್ಕೇ ಹಬ್ಬಿಸಬಹುದು. ಹನ್ನೆರಡು ಕಿಲೋದ ಕಾಯಿಗಳನ್ನು ಹಿತ್ತಿಲ ಚಪ್ಪರ ಹೊರುವುದಿಲ್ಲ. ಪಾವಗಡ, ಶಿರಾ ಕಡೆ ಒಣಹವೆಯಲ್ಲಿ ಸಸ್ಯಹೇನು, ಬಿಳಿನೊಣ ಹೊತ್ತು ತರುವ ವೈರಸ್ ರೋಗಗಳೇ ದೊಡ್ಡ ತಲೆನೋವು. ಅಲ್ಲಿ ‘ಇಂದು’ ತಳಿಯನ್ನು ಹಾಕಿ ನೋಡಬೇಕು. ಆದರೆ ಕೇರಳದಲ್ಲಿ ಒಂದು ವೈರಸ್ಸಿಗೆ ಬಗ್ಗದ ತಳಿ ಇಲ್ಲಿನ ಇನ್ನೊಂದು ವೈರಸ್ಸಿಗೂ ಬಗ್ಗುವುದಿಲ್ಲ ಎಂಬ ಖಾತರಿ ಯಾರೂ ಕೊಡಲಾರರು. ಮೊಳಕೆಯ ಎಲೆಗಳನ್ನು ಜರಡಿ ಮಾಡುವ ಕೆಂಪು ದುಂಬಿ ಎಲ್ಲೆಡೆಯೂ ಇದೆ. ಬೆಳಗಿನ ಇಬ್ಬನಿಯಲ್ಲಿ ಒಲೆಯ ಬೂದಿ ಉದುರಿಸುವ ಹಳೆಯ ಕ್ರಮ ಹಿತ್ತಿಲ ಮಟ್ಟಕ್ಕೆ ಸಾಕು. ಹಣ್ಣುನೊಣಕ್ಕೆ ಹೀಚಿನ ಮೇಲೆ ಬಟ್ಟೆಯ ಚೀಲ ಕಟ್ಟುವುದು ಎಲ್ಲಕ್ಕಿಂತ ಸುಲಭ.

ದೊಡ್ಡ ಕಾಯಿಗೆ ಜಾಗವೇ ಇಲ್ಲವೆಂದಲ್ಲ. ಈ ನಾಲ್ಕು ತಾಲ್ಲೂಕು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಅಡುಗೆಮನೆಗಳಿವೆ. ನೂರು ಮಕ್ಕಳ ಸಾಂಬಾರಿಗೆ ಕಾಶಿ ಧವಳ್‌ನ ಒಂದು ಕಾಯಿ ಕುಯ್ದ ದಿನವೇ ಖರ್ಚಾಗುತ್ತದೆ. ಶಾಲೆಯ ಕೈತೋಟಕ್ಕೆ ನಾನು ಅದನ್ನೇ ಹೇಳುತ್ತೇನೆ. ಮನೆಗೆ ಸಿಒ-2, ಜೊತೆಗೆ ಊರಿನ ನಾಟಿ.

ನಾಟಿಯ ಬಗ್ಗೆ ಒಂದು ಎಚ್ಚರಿಕೆ. ತಿಪ್ಪೆಯಲ್ಲಿ ಹುಟ್ಟಿದ್ದೆಲ್ಲ ಊರಿನ ಹಳೆಯ ತಳಿಯಲ್ಲ. ಮಹಾನವಮಿಗೆ ಲಾರಿಯಲ್ಲಿ ಬಂದು ರಸ್ತೆಯಲ್ಲಿ ಒಡೆದ ಕಾಯಿಯ ಬೀಜವೂ ಗುಡಿಸಿದ ಕಸದೊಡನೆ ತಿಪ್ಪೆ ಸೇರಿ ಮುಂದಿನ ಮುಂಗಾರಿಗೆ ಮೊಳೆಯುತ್ತದೆ. ಅದು ಹೈಬ್ರಿಡ್ಡಿನ ಮಗಳಾಗಿದ್ದರೆ ತಾಯಿಯ ಗುಣ ಹಾಗೇ ಬರುವುದಿಲ್ಲ. ಮನೆಯಲ್ಲಿ ತಲೆಮಾರುಗಳಿಂದ ಬೀಜ ಇಟ್ಟುಕೊಂಡು ಬಂದ ಹಿರಿಯರ ಹತ್ತಿರ ಕೇಳಿ ತಂದದ್ದೇ ನಿಜವಾದ ನಾಟಿ. ಅಂಥ ಬೀಜ ಎಷ್ಟೋ ಬರಗಾಲ ದಾಟಿ ಬಂದಿರುತ್ತದೆ. ಅದನ್ನು ಕಳೆದುಕೊಳ್ಳಬಾರದು. ಬಿಡುಗಡೆಯಾದ ತಳಿಗಳ ಬೀಜ ಎಲ್ಲಿ ಸಿಗುತ್ತದೆಂದು ತುಮಕೂರು ಬಳಿಯ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಹೋಲಿಸಿ ನೋಡುವವರು ಎರಡೇ ಬಳ್ಳಿ ಹಾಕಿ ತೀರ್ಮಾನಕ್ಕೆ ಬರಬೇಡಿ. ಒಂದೇ ತಳಿಯ ಎರಡು ಬಳ್ಳಿಗಳ ನಡುವೆಯೂ ವ್ಯತ್ಯಾಸ ಇರುತ್ತದೆ. ಪ್ರತಿ ತಳಿಗೆ ಕಡೇಪಕ್ಷ ಮೂರು ಗುಂಡಿ, ಗುಂಡಿಯಿಂದ ಗುಂಡಿಗೆ ಎರಡು ಮೀಟರ್, ಎಲ್ಲಕ್ಕೂ ಒಂದೇ ಅಳತೆಯ ತಿಪ್ಪೆಗೊಬ್ಬರ, ಒಂದೇ ದಿನ ಬಿತ್ತನೆ. ಮೊದಲ ಹೆಣ್ಣುಹೂ ಬಂದ ದಿನ, ಕಾಯಿಗಳ ಎಣಿಕೆ, ತೂಕ, ಬೂದಿ ಪೂರ್ತಿ ಕೂತ ದಿನ, ಮನೆಯೊಳಗೆ ಎಷ್ಟು ಕಾಲ ಬಾಳಿತು, ಇಷ್ಟನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿದರೆ ಸಾಕು.

ಹೀಗೆ ಅಕ್ಕಪಕ್ಕ ಬೆಳೆದ ತಳಿಗಳನ್ನು ಜೇನುಗಳು ಬೆರೆಸಿಬಿಡುತ್ತವೆ. ಬೀಜೋತ್ಪಾದನೆಯಲ್ಲಿ ತಳಿಗಳ ನಡುವೆ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರ್ ಅಂತರ ಬಿಡುವುದು ಇದೇ ಕಾರಣಕ್ಕೆ. ಹಿತ್ತಿಲಲ್ಲಿ ಅಷ್ಟು ಅಂತರ ಎಲ್ಲಿ? ಉಪಾಯ ಇದೆ. ಮರುದಿನ ಅರಳಲಿರುವ ಒಂದು ಹೆಣ್ಣುಮೊಗ್ಗನ್ನೂ, ಅದೇ ತಳಿಯ ಬೇರೆ ಬಳ್ಳಿಯ ಒಂದು ಗಂಡುಮೊಗ್ಗನ್ನೂ ಸಂಜೆ ದಾರದಿಂದ ತುದಿ ಕಟ್ಟಿಡಿ. ಬೆಳಿಗ್ಗೆ ಬಿಚ್ಚಿ ಪರಾಗ ಸವರಿ, ಹೆಣ್ಣುಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ನೂಲು ಸುತ್ತಿ ಗುರುತು ಮಾಡಿ. ಆ ಕಾಯಿಯನ್ನು ಅಡುಗೆಗೆ ಬಳಸದೆ ಸಂಕ್ರಾಂತಿ ಕಳೆಯುವವರೆಗೆ ಇಡಿಯಾಗಿ ಇಡಿ. ಬೀಜಗಳು ಕಾಯಿಯೊಳಗೇ ಇನ್ನಷ್ಟು ಬಲಿಯುತ್ತವೆ, ಹೊಸ ಬೀಜದ ನಿದ್ರಾವಸ್ಥೆಯೂ ಅಷ್ಟರಲ್ಲಿ ಕಳೆಯುತ್ತದೆ. ಆಮೇಲೆ ಕುಯ್ದು, ಬೀಜ ತೊಳೆದು, ನೀರಿನಲ್ಲಿ ತೇಲುವ ಜೊಳ್ಳನ್ನು ಚೆಲ್ಲಿ, ನೆರಳಲ್ಲಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಮೃಗಶಿರ ಹುಟ್ಟಿದಾಗ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಗುಂಡಿಗೆ ನಾಲ್ಕರಂತೆ ಊರಿ, ಮೊಳೆತ ಮೇಲೆ ಗಟ್ಟಿಯಾದ ಎರಡನ್ನು ಉಳಿಸಿಕೊಳ್ಳಿ.