ಟೆನಿಸ್ ಆಟಗಾರನ ಮನಸ್ಸು

ಟೆನಿಸ್ ನೋಡುವವರ ಕಣ್ಣೆಲ್ಲ ಚೆಂಡಿನ ಮೇಲೆಯೇ ಇರುತ್ತದೆ. ಅದು ಬಲೆಯನ್ನು ದಾಟಿತೇ, ಗೆರೆಯೊಳಗೆ ಬಿದ್ದಿತೇ ಎಂದು ಕುತ್ತಿಗೆಯನ್ನು ಆ ಕಡೆಗೂ ಈ ಕಡೆಗೂ ತಿರುಗಿಸುತ್ತ ಕೂಡುತ್ತೇವೆ. ಚೆಂಡು ನಿಂತೊಡನೆ ನಮ್ಮ ಗಮನವೂ ಸಡಿಲುತ್ತದೆ. ಮನೆಯಲ್ಲಿ ಟೆಲಿವಿಷನ್ ಮುಂದೆ ಕುಳಿತವರು ಕಾಫಿಗಾಗಿ ಅಡಿಗೆಮನೆಯ ಕಡೆಗೆ ಕೂಗುಹಾಕುವುದೂ ಆಗಲೇ. ಆದರೆ ಆಟಗಾರನ ನಿಜವಾದ ಪರೀಕ್ಷೆ ಮೊದಲಾಗುವುದು ಚೆಂಡು ನಿಂತ ಮೇಲೆ.

ಒಂದು ಪಾಯಿಂಟು ಮುಗಿದು ಮುಂದಿನ ಸರ್ವಿಸ್ ಆರಂಭವಾಗುವುದಕ್ಕೆ ದೊಡ್ಡ ಪಂದ್ಯಗಳಲ್ಲಿ ಕೊಡುವ ಅವಧಿ 25 ಸೆಕೆಂಡು. ಅಷ್ಟರೊಳಗೆ ಆಟಗಾರನು ಉಸಿರನ್ನು ಹದಕ್ಕೆ ತಂದುಕೊಳ್ಳಬೇಕು, ಬೆವರು ಒರೆಸಿಕೊಳ್ಳಬೇಕು, ಮುಂದಿನ ಹೊಡೆತವನ್ನು ನಿಶ್ಚಯಿಸಬೇಕು. ಎಲ್ಲಕ್ಕಿಂತ ಮೊದಲು, ಈಗತಾನೆ ಕಳೆದುಕೊಂಡ ಪಾಯಿಂಟನ್ನು ಮನಸ್ಸಿನಿಂದ ಇಳಿಸಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜಿಮ್ ಲೇರ್ ಅವರು ಶ್ರೇಷ್ಠ ಆಟಗಾರರನ್ನು ಗಮನಿಸಿ, ಅವರ ಹೆಚ್ಚುಗಾರಿಕೆ ಈ ನಡುವಿನ ಬಿಡುವಿನಲ್ಲಿಯೇ ಬಹಳವಾಗಿ ಕಾಣುತ್ತದೆಂದು ತೋರಿಸಿಕೊಟ್ಟರು. ಒಬ್ಬನು ರಾಕೆಟ್ಟಿನ ತಂತಿಗಳನ್ನು ನೇರಮಾಡುತ್ತಾನೆ, ಇನ್ನೊಬ್ಬನು ಚೆಂಡನ್ನು ಎಣಿಸಿದಂತೆ ನೆಲಕ್ಕೆ ಪುಟಿಸುತ್ತಾನೆ. ಸ್ಪೇನಿನ ರಫಾಯೆಲ್ ನಡಾಲ್ ನೀರಿನ ಸೀಸೆಗಳನ್ನು ಒಂದೇ ಸಾಲಿನಲ್ಲಿ ಇಡುತ್ತಿದ್ದುದನ್ನು ಅನೇಕರು ನೋಡಿರಬಹುದು. ನಮಗೆ ಅದು ಅಜ್ಜಿಯ ಮಡಿಯಂತೆ ತೋರಿ ನಗು ಬರುತ್ತದೆ. ಆದರೆ ಕೈಗೆ ನಿತ್ಯದ ಕೆಲಸ ಸಿಕ್ಕರೆ ಮನಸ್ಸು ಅಲೆಯುವುದನ್ನು ಬಿಡುತ್ತದೆ. ಮಡಿಯ ಗುಟ್ಟೂ ಅದೇ ಇರಬಹುದೇನೋ!

ಮರೆಯುವ ವಿದ್ಯೆಗೆ ಇಷ್ಟು ಬೆಲೆ ಏಕೆ? ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವೀಧರರ ಮುಂದೆ ಒಂದು ಲೆಕ್ಕ ಒಪ್ಪಿಸಿದರು. ಅವರು ಆಡಿದ ಸಿಂಗಲ್ಸ್ ಪಂದ್ಯಗಳು 1,526. ಗೆದ್ದುದು ನೂರಕ್ಕೆ ಸುಮಾರು 80. ಆದರೆ ಆಡಿದ ಪಾಯಿಂಟುಗಳಲ್ಲಿ ಗೆದ್ದುದು ನೂರಕ್ಕೆ 54 ಮಾತ್ರ! ಅಂದರೆ ಅಂಥ ಮಹಾ ಆಟಗಾರನೂ ಹೆಚ್ಚುಕಡಿಮೆ ಎರಡರಲ್ಲಿ ಒಂದು ಪಾಯಿಂಟನ್ನು ಸೋತೇ ಬಂದವನು. ಪ್ರತಿ ಸೋಲಿಗೂ ಕೊರಗುತ್ತ ನಿಂತಿದ್ದರೆ ಗೆಲ್ಲಲು ಹೊತ್ತೆಲ್ಲಿ? ಹರೆಯದಲ್ಲಿ ಸಿಟ್ಟಿನಿಂದ ರಾಕೆಟ್ಟು ಎಸೆಯುತ್ತಿದ್ದವರು ಇದೇ ಫೆಡರರ್. ಆ ಶಾಂತಿ ಹುಟ್ಟಿನಿಂದ ಬಂದುದಲ್ಲ, ಕಲಿತು ಗಳಿಸಿದುದು.

ಆದರೂ ಈ ಲೆಕ್ಕಕ್ಕೆ ಇನ್ನೊಂದು ಮುಖವುಂಟು. ಟೆನಿಸ್ ಗಡಿಯಾರ ನೋಡಿ ಮುಗಿಸುವ ಆಟವಲ್ಲ. ಕೊನೆಯ ಪಾಯಿಂಟು ಗೆಲ್ಲುವವರೆಗೆ ಎಷ್ಟು ಮುಂದಿದ್ದರೂ ಗೆದ್ದಂತಲ್ಲ. 2019ರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಫೆಡರರ್ ಐದನೆಯ ಸೆಟ್ಟಿನಲ್ಲಿ 8-7 ಮುಂದಿದ್ದು, ತಮ್ಮ ಸರ್ವಿಸಿನಲ್ಲೇ 40-15ಕ್ಕೆ ಬಂದಿದ್ದರು. ಎರಡರಲ್ಲಿ ಒಂದು ಪಾಯಿಂಟು ಗೆದ್ದರೆ ಪ್ರಶಸ್ತಿ ಅವರದು. ಎದುರಿಗಿದ್ದ ಸರ್ಬಿಯದ ನೊವಾಕ್ ಜೊಕೊವಿಚ್ ಎರಡನ್ನೂ ಉಳಿಸಿಕೊಂಡರು. 4 ಗಂಟೆ 57 ನಿಮಿಷ ನಡೆದ ಪಂದ್ಯವನ್ನೂ ಗೆದ್ದರು. ಒಟ್ಟು ಪಾಯಿಂಟುಗಳಲ್ಲಿ ಫೆಡರರದು 218, ಜೊಕೊವಿಚರದು 204. ಆದರೆ ಮೂರು ಟೈಬ್ರೇಕುಗಳನ್ನೂ ಗೆದ್ದವರು ಜೊಕೊವಿಚ್. ಜನರೆಲ್ಲ “ರೋಜರ್” ಎಂದು ಕೂಗಿದಾಗ ಅದನ್ನು “ನೊವಾಕ್” ಎಂದು ಕೇಳಿಸಿಕೊಳ್ಳಲು ಯತ್ನಿಸಿದೆನೆಂದು ಅವರು ಆಮೇಲೆ ಹೇಳಿದರು. ಊರೆಲ್ಲ ಎದುರಾಳಿಯ ಪಕ್ಷವಾದಾಗ ಧೈರ್ಯವನ್ನು ಒಳಗಿನಿಂದಲೇ ತಂದುಕೊಳ್ಳಬೇಕಷ್ಟೆ!

ನಮ್ಮವರೇ ಆದ ಕೊಡಗಿನ ರೋಹನ್ ಬೋಪಣ್ಣನವರ ಕಥೆಯೂ ಇಲ್ಲಿ ನೆನೆಯತಕ್ಕುದು. 2017ರ ಫ್ರೆಂಚ್ ಮಿಶ್ರ ಡಬಲ್ಸ್ ಅಂತಿಮ ಪಂದ್ಯದಲ್ಲಿ ಅವರೂ ಅವರ ಜೊತೆಗಾತಿಯೂ ಸೋಲಿನ ಅಂಚಿನಿಂದ ಎರಡು ಸಲ ಪಾರಾಗಿ ಗೆದ್ದರು. 2021ರಲ್ಲಿ ತಿಂಗಳುಗಟ್ಟಲೆ ಗೆಲುವು ಕಾಣದೆ, ಆಟ ಬಿಟ್ಟು ಮನೆಗೆ ಮರಳಲೇ ಎಂಬ ಯೋಚನೆ ಅವರಿಗೂ ಬಂದಿತ್ತು. ಬಿಡಲಿಲ್ಲ. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ನರೊಡನೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್ ಆಟದಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೆ ಏರಿದರು.

ನಮ್ಮಂಥ ಗುಮಾಸ್ತರಿಗೆ ಇದರಿಂದೇನು ಎನ್ನಬಹುದು. ಬೆಳಿಗ್ಗೆ ಮೇಲಧಿಕಾರಿ ಆಡಿದ ಒಂದು ಮಾತು ಸಂಜೆ ಲೋಕಲ್ ಗಾಡಿ ಹತ್ತುವವರೆಗೂ ಕಿವಿಯಲ್ಲಿ ಗುಂಯ್‌ಗುಡುವುದಿಲ್ಲವೇ? ಮನೆಯ ಮಕ್ಕಳ ಪಾಡು ಇನ್ನೂ ಕಷ್ಟ. ಗಣಿತದ ಪ್ರಶ್ನೆಪತ್ರಿಕೆ ಮುಗಿಸಿ ಬಂದ ಮಗುವನ್ನು ಬಾಗಿಲಲ್ಲೇ ನಿಲ್ಲಿಸಿ, ಒಂದೊಂದು ಉತ್ತರವನ್ನೂ ತಾಳೆ ನೋಡಿ, ಹೋದ ಅಂಕಗಳನ್ನು ಕೂಡಿ ಹೇಳುವ ತಂದೆತಾಯಿಗಳು ಎಷ್ಟಿಲ್ಲ! ಮರುದಿನ ವಿಜ್ಞಾನದ ಪರೀಕ್ಷೆ. ಮುಗಿದ ಪಾಯಿಂಟನ್ನು ಮತ್ತೆ ಆಡಲು ಫೆಡರರಿಗೂ ಸಾಧ್ಯವಿಲ್ಲ. ತಪ್ಪಿನಿಂದ ಕಲಿಯುವುದು ಬೇಡವೆಂದಲ್ಲ. ಅದಕ್ಕೆ ಪಂದ್ಯ ಮುಗಿದ ಮೇಲೆ ಬೇಕಾದಷ್ಟು ದಿನಗಳಿವೆ. ಪಂದ್ಯ ನಡೆದಿರುವಾಗ ಮಗುವಿಗೆ ಬೇಕಾದುದು ಒಂದು ಲೋಟ ಹಾಲು, ಒಂದು ಒಳ್ಳೆಯ ಮಾತು, ಮತ್ತು ಅದರ ಪಾಲಿನ ಆ 25 ಸೆಕೆಂಡು.